ಹೊಳೆ ದಾಟಿ ಆಚೆ ದಡ ಹಿಡೀರಿ: ಯಾರ್ಕ್‌ಶೈರ್ ಡೇಲ್ಸ್‌ನ ಸೈಕಲ್ ದಾರಿ

ಇಂಗ್ಲೆಂಡಿನ ಲೀಡ್ಸ್, ಬ್ರಾಡ್‌ಫರ್ಡ್ ಕಡೆ ಇರೋ ನಮ್ಮೋರು ಹೊಸದಾಗಿ ರೋಡ್ ಬೈಕ್ ತಗೊಂಡ್ರೆ ಮೊದಲು ಕೇಳೋದು ಕಾರಿನ ಕಾಟ ಇಲ್ದೆ ಎಲ್ಲಿ ಓಡಿಸ್ಬಹುದು ಅಂತ. ನಾನು ಯಾವಾಗ್ಲೂ ಹೇಳೋದು ಒಂದೇ ಮಾತು, ಯಾರ್ಕ್‌ಶೈರ್ ಡೇಲ್ಸ್ ಅನ್ನೋ ಬೆಟ್ಟ ಕಣಿವೆ ಸೀಮೆಗೆ ಹೋಗಿ, ಮ್ಯಾಪ್ ಬಿಚ್ಚಿ ಹೊಳೆ ಹುಡುಕಿ, ಎ, ಬಿ ಅಂತ ನಂಬರ್ ಇರೋ ದೊಡ್ಡ ರಸ್ತೆ ಯಾವ ದಡದಲ್ಲಿದೆ ನೋಡಿ, ಅದರ ಎದುರು ದಡ ಹಿಡೀರಿ. ಎಲ್ಲಾ ಕಣಿವೇಲೂ ಹಿಂಗೇ ಅಂತಲ್ಲ, ಆದ್ರೆ ಬಹಳ ಕಡೆ ನಡೆಯುತ್ತೆ. ಗ್ರಾಸಿಂಗ್ಟನ್ ಮೇಲ್ಗಡೆ ವಾರ್ಫ್ ಹೊಳೆ ಪಶ್ಚಿಮಕ್ಕೆ ಬಿ6160, ಪೂರ್ವಕ್ಕೆ ಕಾನಿಸ್ಟನ್ ಮೇಲೆ ಕೆಟಲ್‌ವೆಲ್‌ಗೆ ಹೋಗೋ ಸಣ್ಣ ರಸ್ತೆ. ವೆನ್ಸ್‌ಲಿಡೇಲ್ ಕಣಿವೇಲಿ ಎ684 ದಕ್ಷಿಣಕ್ಕಾದ್ರೆ ಉತ್ತರಕ್ಕೆ ಆಸ್ಕ್‌ರಿಗ್ ಊರಿನ ಮೇಲೆ ಇನ್ನೊಂದು ದಾರಿ. ಲಾರಿ, ಕ್ಯಾರವಾನ್, ಭಾನುವಾರದ ಮೋಟರ್‌ಬೈಕ್ ಗುಂಪು ಹೆಚ್ಚಾಗಿ ನಂಬರ್ ರಸ್ತೇಲೇ ಹೋಗುತ್ತೆ, ನಿಮಗೆ ಈ ಕಡೆ ಒಂದು ಟ್ರಾಕ್ಟರ್ ಸಿಕ್ಕಿದ್ರೆ ಸಿಕ್ತು.

ಆದ್ರೆ ಪ್ರಶಾಂತ ರಸ್ತೆ ಅಂದ್ರೆ ಸುಲಭದ ರಸ್ತೆ ಅಂದ್ಕೋಬೇಡಿ, ಇಲ್ಲಿ ಎರಡಕ್ಕೂ ಆಗಿಬರಲ್ಲ, ಅದಕ್ಕೆ ಕಾರಣಾನೂ ಇದೆ. ಹದಿನೆಂಟನೇ ಶತಮಾನದಲ್ಲಿ ಟರ್ನ್‌ಪೈಕ್ ಟ್ರಸ್ಟ್‌ಗಳು ಅಂತ ಬಂದ್ವು, ಗಾಡಿಗಳಿಂದ ಸುಂಕ ತಗೊಂಡು ರಸ್ತೆ ಮಾಡಿಸೋದು ಅವರ ಕೆಲಸ. 1753ರಲ್ಲಿ ಕೀತ್‌ಲಿಯಿಂದ ಸ್ಕಿಪ್ಟನ್, ಸೆಟಲ್ ಮೇಲೆ ಕೆಂಡಲ್‌ವರೆಗೆ ಹಿಂಗೊಂದು ಟರ್ನ್‌ಪೈಕ್ ಆಯ್ತು, ಸ್ಕಿಪ್ಟನ್‌ನಿಂದ ಆಚೆಗೆ ಈಗಿನ ಎ65 ಹೆಚ್ಚುಕಮ್ಮಿ ಅದೇ ದಾರಿ. ಭಾರದ ಗಾಡಿ ಎಳೆಯೋ ಕುದುರೆಗೆ ಏರು ಆಗಲ್ವಲ್ಲ, ಹಾಗಾಗಿ ಸಮತಟ್ಟಾದ ದಾರಿಗೇ ದುಡ್ಡು ಬಿತ್ತು, ಸಾಗಣೆ ಎಲ್ಲಾ ಅಲ್ಲಿಗೇ ಸೇರ್ಕೊಳ್ತು. ಮೂಟೆ ಹೊತ್ತ ಕುದುರೆಗಳು, ಕುರಿ ಮಂದೆ ಓಡಾಡ್ತಿದ್ದ ಹಳೇ ದಾರಿಗಳು ಮಾತ್ರ ಗುಡ್ಡದ ಮೇಲೆ ನೇರ ಹತ್ಕೊಂಡು ಹಾಗೇ ಉಳಿದ್ವು, ಆಮೇಲೆ ಯಾವಾಗ್ಲೋ ಅವಕ್ಕೆ ಡಾಂಬರು ಬಿತ್ತು ಅಷ್ಟೆ. ನಾವು ಇವತ್ತು ಖುಷಿಯಾಗಿ ಸೈಕಲ್ ಹೊಡೆಯೋದು ಆ ಉಳಿದುಕೊಂಡ ದಾರಿಗಳ ಮೇಲೆ.

ಎತ್ತರ ನೋಡಿದ್ರೆ ಏನೂ ಇಲ್ಲ. ಡೇಲ್ಸ್‌ನ ಅತಿ ಎತ್ತರದ ಬೆಟ್ಟ ವರ್ನ್‌ಸೈಡ್, 736 ಮೀಟರ್, ನಮ್ಮ ಬೆಂಗಳೂರು ಊರಿಗೆ ಊರೇ ಅದಕ್ಕಿಂತ ಮೇಲಿದೆ. ತೊಂದರೆ ಇರೋದು ಏರಿನ ಕಡಿದಿನಲ್ಲಿ. ನಂದಿ ಬೆಟ್ಟ ಹತ್ತಿರೋರಿಗೆ ಗೊತ್ತು, ತಿರುವಿನ ಮೇಲೆ ತಿರುವು ಕೊಟ್ಟು ಏರನ್ನ ಹಂಚಿರ್ತಾರೆ, ಒಂದು ಲಯ ಹಿಡ್ಕೊಂಡ್ರೆ ತುದಿವರೆಗೂ ಹೋಗ್ಬಹುದು. ಇಲ್ಲಿ ಹಂಚೋ ಕೆಲಸ ಕಮ್ಮಿ, ಐನೂರು ಮೀಟರ್ ಗೋಡೆ ಥರ ಹತ್ತು, ಆಮೇಲೆ ಸಮ, ಮತ್ತೆ ಗೋಡೆ. ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಮ್ಯಾಪಲ್ಲಿ ರಸ್ತೆ ಮೇಲೆ ಸಣ್ಣ ಬಾಣದ ತಲೆ ಥರದ ಗುರುತು ಹಾಕಿರ್ತಾರೆ, ಒಂದಿದ್ರೆ ಶೇ 14ರಿಂದ 20ರ ಏರು, ಎರಡಿದ್ರೆ ಶೇ 20ಕ್ಕಿಂತ ಜಾಸ್ತಿ, ಬಾಣ ತೋರಿಸೋದು ಇಳಿಜಾರಿನ ಕಡೆಗೆ. ಆ್ಯಪ್‌ನಲ್ಲಿ ರೂಟ್ ಹಾಕಿದ್ರೂ ಈ ಗುರುತನ್ನ ಒಂದ್ಸಲ ನೋಡಿ ಹೊರಡಿ. ಮುಂದೆ 34, ಹಿಂದೆ 34 ಹಲ್ಲಿನ ಗೇರ್ ಇದ್ರೆ ಮಂಡಿಗೆ ಒಳ್ಳೇದು.

ನಂಗೆ ಬಹಳ ಇಷ್ಟದ ದಾರಿ ಸ್ಕಿಪ್ಟನ್‌ನಿಂದ ಸೆಟಲ್‌ಗೆ, ಸುತ್ತಿ ಬಳಸಿ ಸುಮಾರು 60 ಕಿಲೋಮೀಟರ್, ಎರಡೂ ತುದೀಲಿ ಲೀಡ್ಸ್‌ಗೆ ಟ್ರೈನ್ ಇದೆ. ಸ್ಕಿಪ್ಟನ್ ಸ್ಟೇಷನ್ ಬಿಟ್ಟು ಎಂಬ್ಸೆ, ಈಸ್ಟ್‌ಬಿ, ಈಸ್ಟ್‌ಬಿ ಮನೆಗಳು ಮುಗಿಯೋ ಹೊತ್ತಿಗೇ ಏರು ಶುರು, ಮೈ ಬಿಸಿ ಆಗೋದಕ್ಕೂ ಬಿಡಲ್ಲ. ಮೇಲೆ ಬಾರ್ಡನ್ ಬಯಲು, ಆಗಸ್ಟಲ್ಲಿ ಹೆದರ್ ಹೂವು ಬಿಟ್ಟು ಗುಡ್ಡಕ್ಕೆ ಗುಡ್ಡವೇ ನೇರಳೆ. ಅಲ್ಲಿಂದ ಇಳಿದು ಬಾರ್ಡನ್ ಸೇತುವೆ ದಾಟ್ಬೇಕು. ಇದನ್ನ ಇಡೀ ವೆಸ್ಟ್ ರೈಡಿಂಗ್ ಪ್ರಾಂತ್ಯದ ಖರ್ಚಲ್ಲಿ ರಿಪೇರಿ ಮಾಡಿಸಿದ್ದು ಅಂತ 1676ರಲ್ಲಿ ಕಲ್ಲಲ್ಲಿ ಕೆತ್ತಿಸಿದ್ದಾರೆ, ಸೈಕಲ್ ನಿಲ್ಸಿ ಓದಿ. ಆಚೆ ದಡದಲ್ಲಿ ಆ್ಯಪಲ್‌ಟ್ರೀವಿಕ್, ಆಮೇಲೆ ಐದು ಕಮಾನಿನ ಬರ್ನ್‌ಸಾಲ್ ಸೇತುವೆ, ಥಾರ್ಪ್ ಅನ್ನೋ ಪುಟ್ಟ ಊರು, ಲಿಂಟನ್, ಗ್ರಾಸಿಂಗ್ಟನ್. ಥಾರ್ಪ್ ಸುತ್ತ ಗುಂಡಗಿರೋ ಸುಣ್ಣಕಲ್ಲಿನ ಗುಡ್ಡಗಳಿವೆ, ಒಂದು ಕಾಲದಲ್ಲಿ ಸಮುದ್ರದಡಿ ಬೆಳೆದ ದಿಬ್ಬಗಳು ಅವು. ಗ್ರಾಸಿಂಗ್ಟನ್‌ನಲ್ಲಿ ನೀರು ತುಂಬಿಸ್ಕೊಳ್ಳಿ, ಹೊಟ್ಟೆ ತುಂಬಿಸ್ಕೊಳ್ಳಿ, ಮುಂದೆ ಅಂಗಡಿ ಅನ್ನೋದು ನೆಚ್ಚಿಕೊಳ್ಳೋ ಹಾಗಿಲ್ಲ. ಕೆಫೆಯಲ್ಲಿ ಚೀಸ್ ಸ್ಕೋನ್, ಟೋಸ್ಟ್ ಮೇಲೆ ಬೀನ್ಸ್, ದೊಡ್ಡ ಮಗ್ ಟೀ, ಸಸ್ಯಾಹಾರಿಗಳಿಗೆ ಅಷ್ಟು ಸಾಕು. ನಾನು ಜೆರ್ಸಿ ಜೇಬಲ್ಲಿ ತುಪ್ಪ ಚಟ್ನಿಪುಡಿ ಹಚ್ಚಿ ಸುತ್ತಿದ ಚಪಾತಿ ಇಟ್ಕೋತೀನಿ, ಎನರ್ಜಿ ಜೆಲ್‌ಗಿಂತ ಅದೇ ಹೊಟ್ಟೆಗೆ ಹಿತ.

ಕಾನಿಸ್ಟನ್‌ನಲ್ಲಿ ಹೊಳೆ ದಾಟಿದ್ರೆ ಎದುರಿಗೇ ಕಿಲ್ನ್‌ಸಿ ಬಂಡೆ, ಮುಂದಕ್ಕೆ ಬಾಗಿಕೊಂಡು ರಸ್ತೆ ಮೇಲೇ ಬೀಳುತ್ತೇನೋ ಅನ್ನೋ ಹಂಗೆ ನಿಂತಿದೆ. ಫೌಂಟೆನ್ಸ್ ಮಠದ ಸನ್ಯಾಸಿಗಳು ಕುರಿ ಸಾಕಣೆ ನಡೆಸ್ತಿದ್ದ ನೆಲೆ ಇದೇ ಕಿಲ್ನ್‌ಸಿಯಲ್ಲಿತ್ತು, ಮುಂದೆ ಸಿಗೋ ಫೌಂಟೆನ್ಸ್ ಫೆಲ್ ಬೆಟ್ಟದ ಹೆಸರೂ ಆ ಮಠದಿಂದಲೇ. ಇಲ್ಲಿಂದ ಲಿಟನ್‌ಡೇಲ್ ಕಣಿವೆ ಒಳಗೆ ತಿರುಗಿ, ಹಾಕ್ಸ್‌ವಿಕ್ ಕಡೆ ದಡ ಹಿಡಿದು ಆರ್ನ್‌ಕ್ಲಿಫ್, ಆಮೇಲೆ ಲಿಟನ್, ಕೊನೆಗೆ ಹಾಲ್ಟನ್ ಗಿಲ್. ಎರಡೂ ಬದಿ ಗಾರೆ ಇಲ್ಲದೆ ಜೋಡಿಸಿದ ಕಲ್ಲುಗೋಡೆ, ಮೇ ತಿಂಗಳಾದ್ರೆ ಗೋಡೆ ಆಚೆ ತಾಯಿ ಕುರಿ ಹಿಂದೆ ಓಡೋ ಮರಿಗಳು. ಕಣಿವೆ ಹೋಗ್ತಾ ಹೋಗ್ತಾ ಕಿರಿದಾಗುತ್ತೆ.

ಹಾಲ್ಟನ್ ಗಿಲ್‌ನಿಂದ ಸ್ಟೇನ್‌ಫೋರ್ತ್‌ಗೆ ದಾಟೋ ಗುಡ್ಡದ ರಸ್ತೆ ಇದೆಯಲ್ಲ, ಅದಕ್ಕೋಸ್ಕರಾನೇ ಇಷ್ಟೆಲ್ಲಾ ಬರ್ದಿದ್ದು. ಊರು ಬಿಟ್ಟ ಕೂಡ್ಲೇ ಕಡಿದಾದ ಏರು, ಸೀಟಿಂದ ಎದ್ದು ತುಳೀಲೇಬೇಕು, ಆಮೇಲೆ ಏರು ಸ್ವಲ್ಪ ತಗ್ಗಿ ರಸ್ತೆ ಬಯಲಿಗೆ ಬೀಳುತ್ತೆ, ಬಲಕ್ಕೆ ಪೆನ್-ಇ-ಗೆಂಟ್ ಬೆಟ್ಟ 694 ಮೀಟರ್, ಎಡಕ್ಕೆ ಫೌಂಟೆನ್ಸ್ ಫೆಲ್, ನಡುವೆ ನೀವು, ರಸ್ತೆ ಮಾತ್ರ 400 ಮೀಟರ್ ದಾಟಿ ಹೋಗುತ್ತೆ. ಗಾಳಿ ನಿಂತ ದಿನ ನಿಮ್ಮ ಚೈನಿನ ಸದ್ದು ನಿಮಗೇ ಜೋರು ಅನ್ಸುತ್ತೆ, ಅದು ಬಿಟ್ರೆ ಕರ್ಲ್ಯೂ ಹಕ್ಕಿಯ ಉದ್ದನೆ ಏರಿಳಿಯೋ ಕೂಗು, ಲ್ಯಾಪ್‌ವಿಂಗ್ ಕೂಗು. ಈ ಲ್ಯಾಪ್‌ವಿಂಗ್ ನಮ್ಮ ಕೆರೆ ಬಯಲಿನ ಟಿಟ್ಟಿಭದ ಸಂಬಂಧಿನೇ, ತಲೆ ಮೇಲೊಂದು ತೆಳ್ಳನೆ ಜುಟ್ಟು. ಇವೆರಡೂ ನೆಲದ ಮೇಲೆ ಗೂಡು ಮಾಡೋ ಹಕ್ಕಿಗಳು, ಇಂಗ್ಲೆಂಡಲ್ಲಿ ಸಂಖ್ಯೆ ಬಹಳ ಇಳಿದಿದೆ, ಹಾಗಾಗಿ ವಸಂತದಲ್ಲಿ ಫೋಟೋಕ್ಕೆ ಅಂತ ಹುಲ್ಲೊಳಗೆ ನುಗ್ಗೋದು ದಯವಿಟ್ಟು ಬೇಡ, ರಸ್ತೆಯಿಂದಲೇ ಎಲ್ಲಾ ಕಾಣುತ್ತೆ.

ಈ ರಸ್ತೆಗಳಲ್ಲಿ ಕ್ಯಾಟಲ್ ಗ್ರಿಡ್ ಅಂತ ಸಿಗುತ್ತೆ, ದನ ಕುರಿ ದಾಟದ ಹಾಗೆ ರಸ್ತೆಗೆ ಅಡ್ಡ ಕಬ್ಬಿಣದ ಕಂಬಿ ಹಾಕಿರೋದು. ನೇರ ಹೋಗಿ, ಹ್ಯಾಂಡಲ್ ತಿರುಗಿಸ್ಬೇಡಿ, ಬ್ರೇಕ್ ಅದರ ಮೇಲೆ ಹಾಕ್ಬೇಡಿ, ಮೊದಲೇ ಹಾಕಿ ಮುಗ್ಸಿ. ಮಳೆ ಬಂದಿದ್ರೆ ಇಳಿದು ಪಕ್ಕದ ಗೇಟಿಂದ ತಳ್ಕೊಂಡು ಹೋಗಿ, ಗೇಟ್ ಮುಚ್ಚಿ. ಗ್ರಿಡ್ ದಾಟಿದ್ಮೇಲೆ ಬೇಲಿ ಇಲ್ಲ ಅಂತ ಲೆಕ್ಕ, ಕುರಿ ರಸ್ತೆ ಮೇಲೇ ಮಲಗಿರುತ್ತೆ, ಮರಿ ಒಂದು ಕಡೆ ತಾಯಿ ಒಂದು ಕಡೆ ಇದ್ರೆ ಮರಿ ಖಂಡಿತ ನಿಮ್ಮ ಮುಂದೇನೇ ಓಡೋದು. ಕುದುರೆ ಸವಾರರು ಸಿಕ್ಕಿದ್ರೆ ದೂರದಿಂದಲೇ ಮಾತಾಡಿಸಿ, ನಿಧಾನಕ್ಕೆ ಅಗಲ ಬಿಟ್ಟು ದಾಟಿ. ಇನ್ನೊಂದು ವಿಷಯ, ಈ ಕಿರಿದಾದ ರಸ್ತೇಲೂ ಬೇರೆ ಬೋರ್ಡ್ ಇಲ್ದಿದ್ರೆ ಕಾರಿಗೆ ಗಂಟೆಗೆ 60 ಮೈಲಿವರೆಗೆ ಕಾನೂನಲ್ಲೇ ಅವಕಾಶ ಇದೆ. ಗಾಡಿ ಕಮ್ಮಿ, ನಿಜ, ಬಂದ್ರೆ ಜೋರಾಗೂ ಬರಬಹುದು, ಹಾಗಾಗಿ ಗೋಡೆ ಮರೆ ತಿರುವಲ್ಲಿ ಎಡಕ್ಕೇ ಇರಿ, ಹಗಲಲ್ಲೂ ಲೈಟ್ ಹಾಕ್ಕೊಳ್ಳಿ.

ಗಾಳಿ ನೋಡಿ ದಿಕ್ಕು ತೀರ್ಮಾನ ಮಾಡಿ. ಇಲ್ಲಿ ಹೆಚ್ಚಾಗಿ ಬೀಸೋದು ನೈಋತ್ಯದಿಂದ, ಹಾಲ್ಟನ್ ಗಿಲ್ ಮೇಲಿನ ಬಯಲಲ್ಲಿ ಅದು ಎದೆಗೇ ಬರುತ್ತೆ, ಜೋರಿದ್ದ ದಿನ ಸೆಟಲ್‌ನಲ್ಲಿ ಇಳಿದು ಉಲ್ಟಾ ಮಾಡೋದೇ ಒಳ್ಳೇದು. ನೇರ ದಾರೀಲೇ ಬಂದ್ರೆ ಸ್ಟೇನ್‌ಫೋರ್ತ್‌ನಲ್ಲಿ ಬಿ6479 ಕೈಬೀಸಿ ಕರೆಯುತ್ತೆ, ಅದಕ್ಕೆ ಹೋಗ್ಬೇಡಿ, ಅಲ್ಲೂ ಹೊಳೆ ದಾಟಿ. ಹದಿನೇಳನೇ ಶತಮಾನದ ಪ್ಯಾಕ್‌ಹಾರ್ಸ್ ಸೇತುವೆ, ಮೂಟೆ ಕುದುರೆಗಳಿಗೆ ಅಂತ ಕಟ್ಟಿದ್ದು, ಎಷ್ಟು ಇಕ್ಕಟ್ಟು ಅಂದ್ರೆ ಕಾರು ಬಂದ್ರೆ ನೀವು ಈಚೆಯಲ್ಲೇ ನಿಲ್ಬೇಕು. ಸ್ವಲ್ಪ ಕೆಳಗೇ ಜಲಪಾತ, ಶರತ್ಕಾಲದಲ್ಲಿ ಮಳೆ ಬಂದ್ಮೇಲೆ ಸಾಲ್ಮನ್ ಮೀನು ಅಲ್ಲಿ ಮೇಲಕ್ಕೆ ಹಾರೋದನ್ನ ನೋಡೋಕೆ ಜನ ಬರ್ತಾರೆ. ಆಚೆ ದಡದಲ್ಲಿ ಲಿಟಲ್ ಸ್ಟೇನ್‌ಫೋರ್ತ್, ಸ್ಟ್ಯಾಕ್‌ಹೌಸ್ ಮೇಲೆ ಮರಗಳ ನೆರಳಲ್ಲೇ ಸೆಟಲ್ ಸೇರ್ಬಹುದು. ಸೆಟಲ್‌ನಿಂದ ಟ್ರೈನ್ ಗಂಟೆಗೊಂದು ಇರಲ್ಲ, ಸೈಕಲ್‌ಗೆ ಜಾಗಾನೂ ಕಮ್ಮಿ, ಟೈಮ್ ನೋಡ್ಕೊಂಡೇ ಹೊರಡಿ, ಮೂರು ನಾಲ್ಕು ಜನ ಒಟ್ಟಿಗೆ ಹೋಗೋದಾದ್ರೆ ಬೇರೆ ಬೇರೆ ಟ್ರೈನ್ ಹಿಡಿಯೋ ಪ್ಲ್ಯಾನ್ ಮೊದಲೇ ಮಾಡ್ಕೊಳ್ಳಿ.