ನಮ್ಮ ಕೋಶದ ಸಾಮಾನಿನಲ್ಲೇ ಬ್ಯಾಕ್ಟೀರಿಯಾಗಳ ಸಂಸಾರ

ರೋಗ ತರುವ ಬ್ಯಾಕ್ಟೀರಿಯಾ ಅಂದ ತಕ್ಷಣ ದಾಳಿ, ಯುದ್ಧ, ಶತ್ರು ಅನ್ನೋ ಮಾತುಗಳೇ ಬರುತ್ತವೆ. ನನಗೆ ಆ ಭಾಷೆ ಅಷ್ಟಾಗಿ ಹಿಡಿಸಲ್ಲ. ಒಳಗೆ ಸೇರಿಕೊಂಡು ಬದುಕುವ ಬ್ಯಾಕ್ಟೀರಿಯಾಗೆ ಆ ಕೋಶ ಬೇಗ ಸತ್ತರೆ ನಷ್ಟವೇ ಅಲ್ವಾ? ಕೋಶದಲ್ಲಿ ಮೊದಲೇ ಇರುವ ಏರ್ಪಾಡುಗಳನ್ನು ಅದು ತನ್ನ ಕೆಲಸಕ್ಕೆ ತಿರುಗಿಸಿಕೊಳ್ಳುತ್ತದೆ, ಅದೂ ಅಳತೆ ತಪ್ಪದ ಹಾಗೆ. ಈ ಅಳತೆ ನೋಡಿದಾಗಲೇ ನನಗೆ ಜಾಸ್ತಿ ಬೆರಗು.

ಸಾಲ್ಮೊನೆಲ್ಲಾವನ್ನೇ ತಗೊಳ್ಳಿ. ಕರುಳಿನ ಒಳಪದರದ ಕೋಶಗಳಿಗೆ ಬ್ಯಾಕ್ಟೀರಿಯಾ ನುಂಗುವ ಅಭ್ಯಾಸ ಇಲ್ಲ, ಅದು ಬಿಳಿ ರಕ್ತಕಣಗಳ ಕೆಲಸ. ಸಾಲ್ಮೊನೆಲ್ಲಾ ಈ ಕರುಳಿನ ಕೋಶಗಳ ಕೈಲೂ ನುಂಗಿಸುತ್ತದೆ. ಅದರ ಮೈಮೇಲೆ ಸೂಜಿಯಂಥ ರಚನೆಗಳಿವೆ. ಟೈಪ್ ತ್ರೀ ಸಿಕ್ರೀಷನ್ ಸಿಸ್ಟಮ್ ಅಂತ ಇದಕ್ಕೆ ಹೆಸರು. ಅದರ ಮೂಲಕ ತನ್ನ ಪ್ರೋಟೀನ್‌ಗಳನ್ನು ನೇರವಾಗಿ ನಮ್ಮ ಕೋಶದೊಳಗೆ ಸೇರಿಸುತ್ತದೆ. ಅವುಗಳಲ್ಲಿ ಸಾಪ್-ಇ ಅನ್ನೋದು ಕೋಶಕ್ಕೆ ಆಕಾರ, ಚಲನೆ ಕೊಡುವ ಆಕ್ಟಿನ್ ಅನ್ನೋ ಪ್ರೋಟೀನ್ ಎಳೆಗಳನ್ನು ನಡೆಸುವ ಸ್ವಿಚ್ಚುಗಳನ್ನು ಆನ್ ಮಾಡುತ್ತದೆ. ಕೋಶದ ಪೊರೆ ಅಲೆಅಲೆಯಾಗಿ ಮೇಲೆದ್ದು ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು ಒಳಗೆಳೆದುಕೊಳ್ಳುತ್ತದೆ.

ಇಷ್ಟೇ ಆಗಿದ್ದರೆ ಸುಮ್ನೆ ಒಂದು ಒಳ್ಳೆ ಕಥೆ. ಆದರೆ ಅದೇ ಸೂಜಿಯಲ್ಲಿ ಎಸ್‌ಪಿಟಿಪಿ ಅನ್ನೋ ಇನ್ನೊಂದು ಪ್ರೋಟೀನ್ ಕೂಡ ಹೋಗಿರುತ್ತದೆ, ಅದು ಮಾಡೋದು ಪೂರ್ತಿ ಉಲ್ಟಾ: ಅದೇ ಸ್ವಿಚ್ಚುಗಳನ್ನು ಆಫ್ ಮಾಡುವುದು. ಒಟ್ಟಿಗೆ ಒಳಹೋದ ಎರಡು ಒಂದನ್ನೊಂದು ಯಾಕೆ ತಡೆಯಲ್ಲ? ಬೇಡದ ಪ್ರೋಟೀನ್‌ಗಳನ್ನು ಚೂರು ಮಾಡೋಕೆ ನಮ್ಮ ಕೋಶದಲ್ಲಿ ಪ್ರೋಟಿಯಾಸೋಮ್ ಇದೆ. ಅದು ಸಾಪ್-ಇಯನ್ನು ಬೇಗ ಮುಗಿಸುತ್ತದೆ, ಎಸ್‌ಪಿಟಿಪಿ ಮಾತ್ರ ಇನ್ನಷ್ಟು ಹೊತ್ತು ಉಳಿಯುತ್ತದೆ. ಹಾಗಾಗಿ ಮೊದಲು ಪೊರೆ ಏಳುತ್ತದೆ, ಆಮೇಲೆ ತಾನಾಗೇ ಮೊದಲಿನಂತೆ ಆಗುತ್ತದೆ. ಗಡಿಯಾರ ಕೂಡ ನಮ್ಮದೇ!

ಭೇದಿ ತರುವ ಕೆಲವು ಇ. ಕೋಲೈಗಳು ಒಳಗೆ ಬರೋದೇ ಇಲ್ಲ, ಹೊರಗಿಂದ ಅಂಟಿಕೊಳ್ಳುತ್ತವೆ. ಅಂಟಿಕೊಳ್ಳೋಕೆ ಕೋಶದ ಮೇಲೆ ಏನಾದರೂ ಹಿಡಿ ಬೇಕಲ್ಲ, ಅದನ್ನೂ ಅವೇ ತರುತ್ತವೆ. ಟಿಆರ್ ಅನ್ನೋ ಪ್ರೋಟೀನನ್ನು ಕೋಶಕ್ಕೆ ಸೇರಿಸುತ್ತವೆ, ಅದು ಪೊರೆಯಲ್ಲಿ ನಿಂತುಕೊಳ್ಳುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಅದನ್ನೇ ಹಿಡಿದುಕೊಳ್ಳುತ್ತದೆ. ಗೋಡೆಗೆ ತಾನೇ ಮೊಳೆ ಹೊಡೆದು ಅದಕ್ಕೇ ಜೋತುಬಿದ್ದ ಹಾಗೆ. 1997ರಲ್ಲಿ ಇದು ಗೊತ್ತಾಗುವ ತನಕ ಆ ಹಿಡಿ ಕೋಶದ್ದೇ ಅಂತ ವಿಜ್ಞಾನಿಗಳು ಅಂದುಕೊಂಡಿದ್ದರು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಲಿಸ್ಟೀರಿಯಾ. ಅದು ಒಳಗೆ ಬಂದಾಗ ಪೊರೆಯ ಚೀಲವೊಂದರಲ್ಲಿ ಸಿಕ್ಕಿಕೊಂಡಿರುತ್ತದೆ. ಕೋಶ ಆ ಚೀಲವನ್ನು ಆಮ್ಲೀಯ ಮಾಡುತ್ತದೆ, ಒಳಗಿರೋದನ್ನು ಜೀರ್ಣಿಸುವ ದಾರಿಯ ಮೊದಲ ಹೆಜ್ಜೆ ಅದು. ಲಿಸ್ಟೀರಿಯಾದ ಹತ್ತಿರ ಪೊರೆಗೆ ತೂತು ಕೊರೆಯುವ ಲಿಸ್ಟೀರಿಯೊಲೈಸಿನ್ ಓ ಇದೆ, ಅದು ಚುರುಕಾಗೋದೇ ಆಮ್ಲದಲ್ಲಿ. ಚೀಲ ಒಡೆದು ಬ್ಯಾಕ್ಟೀರಿಯಾ ಹೊರಬರುತ್ತದೆ. ಕೋಶದ ಒಳದ್ರವದಲ್ಲಿ ಆಮ್ಲ ಕಡಿಮೆ, ಅಲ್ಲಿ ಆ ವಿಷ ಮಂಕಾಗುತ್ತದೆ, ಕೋಶವೂ ಅದನ್ನು ಬೇಗ ಚೂರು ಮಾಡುತ್ತದೆ. ಅದರಿಂದಲೇ ಕೋಶದ ಹೊರಪೊರೆ ಉಳಿದುಕೊಳ್ಳೋದು. ಎಲ್ಲಿದ್ದರೂ ಚುರುಕಾಗಿರುವ ವಿಷವನ್ನು ಪ್ರಯೋಗಾಲಯದಲ್ಲಿ ಲಿಸ್ಟೀರಿಯಾಗೆ ಕೊಟ್ಟರೆ ಕೋಶ ಸಾಯುತ್ತದೆ, ರೋಗ ತರುವ ಶಕ್ತಿಯೂ ಕುಗ್ಗುತ್ತದೆ.

ಹೊರಬಂದ ಮೇಲೆ ಲಿಸ್ಟೀರಿಯಾ ತನ್ನ ಒಂದು ತುದಿಯಲ್ಲಿ ಆಕ್ಟ್-ಎ ಪ್ರೋಟೀನ್ ಇಟ್ಟುಕೊಂಡು, ಅದರಿಂದ ನಮ್ಮ ಆಕ್ಟಿನ್ ಹೆಣೆಸುತ್ತದೆ. ಹಿಂದೆ ಧೂಮಕೇತುವಿನಂಥ ಬಾಲ ಬೆಳೆಯುತ್ತದೆ, ಅದರ ತಳ್ಳುವಿಕೆಗೆ ಬ್ಯಾಕ್ಟೀರಿಯಾ ಮುಂದೆ ಸಾಗಿ ಪಕ್ಕದ ಕೋಶದೊಳಕ್ಕೇ ನುಗ್ಗುತ್ತದೆ. ಕೋಶದ ಹೊರಗೆ ಕಾಯುತ್ತಿರುವ ಆಂಟಿಬಾಡಿಗಳ ಕಣ್ಣಿಗೆ ಬೀಳೋದೇ ಇಲ್ಲ. ಇದರಿಂದ ನಮಗೂ ಒಂದು ಲಾಭ ಆಗಿದೆ: ಆಕ್ಟಿನ್ ಜಾಲ ಶುರುಮಾಡಲು ಆರ್ಪ್2/3 ಅನ್ನೋ ಪ್ರೋಟೀನ್ ಗುಂಪು ಬೇಕು ಅನ್ನೋದು 1997ರಲ್ಲಿ ಸ್ಪಷ್ಟವಾಗಿದ್ದು ಈ ಬಾಲದ ಅಧ್ಯಯನದಿಂದಲೇ. ನಮ್ಮ ಕೋಶಗಳು ಚಲಿಸುವಾಗಲೂ ಅದೇ ಆರ್ಪ್2/3 ದುಡಿಯುತ್ತದೆ.

ಕಾಲರಾ ಬ್ಯಾಕ್ಟೀರಿಯಾ ಕರುಳಿನ ಕೋಶಕ್ಕೆ ಬರೀ ವಿಷ ಕಳಿಸುತ್ತದೆ, ತಾನು ಹೊರಗೇ ಇರುತ್ತದೆ. ಆ ವಿಷ ಇದೆ ಅಂತ 1959ರಲ್ಲಿ ತೋರಿಸಿದ್ದು ಕೊಲ್ಕತ್ತಾದ ಶಂಭುನಾಥ್ ಡೇ. ಅವರಿಗೆ ಸಿಗಬೇಕಾದ ಹೆಸರು ಸಿಗಲೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕೆಟ್ಟದಾಗಿ ಮಡಚಿಕೊಂಡ ಪ್ರೋಟೀನ್‌ಗಳನ್ನು ಕೋಶ ತನ್ನೊಳಗಿನ ಪೊರೆಯ ಕೋಣೆಯಿಂದ ಒಳದ್ರವಕ್ಕೆ ಕಸದಂತೆ ಹೊರದಬ್ಬುವ ದಾರಿಯೊಂದಿದೆ, ಈ ವಿಷದ ಒಂದು ತುಂಡು ಅದೇ ದಾರಿ ಹಿಡಿದು ಒಳದ್ರವಕ್ಕೆ ಬರುತ್ತದೆ. ಬಂದು, ಕೋಶದೊಳಗೆ ಸಂದೇಶ ಸಾಗಿಸುವ ಸ್ವಿಚ್ಚಿನಂಥ ಜಿ ಪ್ರೋಟೀನ್ ಒಂದನ್ನು ಆನ್ ಆಗಿಯೇ ಉಳಿಯುವಂತೆ ಮಾಡುತ್ತದೆ. ಉಪ್ಪು, ಅದರ ಹಿಂದೆ ನೀರು, ಕರುಳಿಗೆ ಸುರಿಯುತ್ತಲೇ ಇರುತ್ತದೆ.

ಇಷ್ಟೆಲ್ಲಾ ಓದಿ ಬ್ಯಾಕ್ಟೀರಿಯಾ ಏನು ಬುದ್ಧಿವಂತಪ್ಪಾ ಅನಿಸಬಹುದು. ನಾನೂ ಮೇಲೆ ಹಾಗೇ ಬರೆದಿದ್ದೇನೆ, ಹಾಗೆ ಬರೆಯದಿದ್ದರೆ ವಾಕ್ಯವೇ ಮುಂದೆ ಹೋಗಲ್ಲ. ಆದರೆ ಲೀಜಿಯೊನೆಲ್ಲಾವನ್ನು ನೋಡಿ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶಕ್ಕೆ ಬಂದವರಲ್ಲಿ ನ್ಯುಮೋನಿಯಾ ಹಬ್ಬಿದಾಗ ಬೆಳಕಿಗೆ ಬಂದ ಬ್ಯಾಕ್ಟೀರಿಯಾ ಇದು. ನಮ್ಮ ಕೋಶಕ್ಕೆ 300ಕ್ಕೂ ಹೆಚ್ಚು ಬಗೆಯ ಪ್ರೋಟೀನ್ ಕಳಿಸಬಲ್ಲದು, ಆದರೂ ಒಬ್ಬರಿಂದ ಒಬ್ಬರಿಗೆ ಹರಡೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅದು ಪಳಗಿದ್ದು ನೀರಿನಲ್ಲಿರುವ ಅಮೀಬಾಗಳಲ್ಲಿ. ಅಮೀಬಾ ಬ್ಯಾಕ್ಟೀರಿಯಾ ನುಂಗುವ ರೀತಿಗೂ ನಮ್ಮ ಶ್ವಾಸಕೋಶದ ಮ್ಯಾಕ್ರೋಫೇಜ್ ಅನ್ನೋ ರಕ್ಷಕ ಕೋಶ ನುಂಗುವ ರೀತಿಗೂ ಹೋಲಿಕೆ ಇದೆ, ಹಾಗಾಗಿ ಅಲ್ಲಿ ನಡೆಯುವ ತಂತ್ರ ಇಲ್ಲೂ ನಡೆಯುತ್ತದೆ. ನಾವು ಅದರ ಲೆಕ್ಕದಲ್ಲೇ ಇರಲಿಲ್ಲ.

ಚಿಕಿತ್ಸೆಗೂ ಇದು ಮುಖ್ಯ. ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್ ಕೋಶದೊಳಗೆ ಅಷ್ಟಾಗಿ ಹೋಗಲ್ಲ. ಪ್ರಯೋಗಾಲಯದಲ್ಲಿ ಇದನ್ನೇ ಉಪಯೋಗಿಸಿಕೊಂಡು, ಹೊರಗಿನ ಬ್ಯಾಕ್ಟೀರಿಯಾಗಳನ್ನೆಲ್ಲ ಅದರಿಂದ ಕೊಂದು, ಒಳಗೆ ಎಷ್ಟು ಉಳಿದಿವೆ ಅಂತ ಎಣಿಸುತ್ತಾರೆ. ರೋಗಿಗೆ ಮಾತ್ರ ಇದು ತೊಡಕು. ಲೀಜಿಯೊನೆಲ್ಲಾ ನ್ಯುಮೋನಿಯಾಗೆ ವೈದ್ಯರು ಪೆನಿಸಿಲಿನ್ ಬಿಟ್ಟು ಅಜಿಥ್ರೋಮೈಸಿನ್ ಅಥವಾ ಲೆವೊಫ್ಲಾಕ್ಸಾಸಿನ್ ಆರಿಸಿಕೊಳ್ಳಲು ಒಂದು ಕಾರಣ, ಅವು ಕೋಶದೊಳಗೂ ಹೋಗಿ ಕೆಲಸ ಮಾಡುತ್ತವೆ ಅನ್ನೋದು.