ಬಳ್ಳಿ ತೊಟ್ಟಿಕ್ಕಿದ ದಿನ

ಬೆಳಗ್ಗೆ ಕತ್ತರಿ ಆಡಿಸಿದ ದ್ರಾಕ್ಷಿ ಬಳ್ಳಿ ಮಧ್ಯಾಹ್ನಕ್ಕೆ ಒಂದೊಂದು ಗಾಯದಿಂದಲೂ ತೊಟ್ಟಿಕ್ಕುತ್ತಿತ್ತು. ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಬೇರು ಎಚ್ಚೆತ್ತು ಮೇಲಕ್ಕೆ ತಳ್ಳುತ್ತಿರುವ ನೀರು ಅದು, ಅಷ್ಟೇ. ಎಲೆ ಬಿಚ್ಚಿಕೊಂಡರೆ ತಾನಾಗಿ ನಿಲ್ಲುತ್ತದೆ. ಮೇಣ ಮೆತ್ತಿದರೂ ಒಳಗಿನ ಒತ್ತಡಕ್ಕೆ ಕಿತ್ತು ಬರುತ್ತದೆ.

ಚಾಟನಿಯನ್ನು, ಅಂದರೆ ಬಳ್ಳಿ ಸವರುವುದನ್ನು, ಇಷ್ಟು ತಡ ಮಾಡಿದ್ದು ಬೇಕೆಂದೇ. ಬೇಗ ಸವರಿದ ಬಳ್ಳಿ ಬೇಗ ಚಿಗುರುತ್ತದೆ. ಚಳಿಗಾಲ ಕಟುವಾಗಿರುವ ಕಡೆ ಆಮೇಲೊಂದು ರಾತ್ರಿ ಹಿಮ ಕಟ್ಟಿದರೂ ಸಾಕು, ಚಿಗುರೆಲ್ಲ ಕರಕಲು. ತಡ ಮಾಡಿದ್ದಕ್ಕೂ ದಂಡ ಇದೆ ಅನ್ನಿ. ಉಬ್ಬಿದ ಕಣ್ಣುಗಳು, ಅಂದರೆ ಚಿಗುರೊಡೆಯುವ ಮೊಗ್ಗುಗಳು, ನಮ್ಮ ಕೈ ತಗುಲಿದರೂ ಉದುರುತ್ತವೆ. ಹಾಗಾಗಿ ಕಡಿದ ಕಡ್ಡಿಯನ್ನು ಎಳೆಯದೆ, ತುಂಡು ತುಂಡು ಮಾಡಿ ಬಿಡಿಸಿಕೊಳ್ಳಬೇಕು.

ಯಾವುದನ್ನು ಉಳಿಸುವುದು? ಹೋದ ವರ್ಷದ ಕಡ್ಡಿಯಿಂದ ಈ ವರ್ಷ ಹೊರಡುವ ಚಿಗುರಿನಲ್ಲೇ ಗೊಂಚಲು ಬರುವುದು. ಹೋದ ವರ್ಷದ್ದು ಪೆನ್ಸಿಲ್ ದಪ್ಪ, ಕಂದು ಬಣ್ಣ, ಮುಟ್ಟಿದರೆ ನುಣುಪು. ಹಳೆಯ ಕಾಂಡದ ತೊಗಟೆ ನಾರುನಾರಾಗಿ ಸುಲಿಯುತ್ತದೆ. ತಂತಿಗುಂಟ ಹೋದ ಬಳ್ಳಿಯ ತೋಳಿನ ಮೇಲೆ ಗೇಣಿಗೊಂದು ಕಡ್ಡಿ, ಅದರಲ್ಲಿ 2 ಕಣ್ಣು, ಮೇಲಿನ ಕಣ್ಣಿಗಿಂತ 1 ಸೆಂ.ಮೀ. ಬಿಟ್ಟು ಕತ್ತರಿ. ಹತ್ತರಲ್ಲಿ ಒಂಬತ್ತು ಪಾಲು ನೆಲಕ್ಕೆ ಬೀಳುತ್ತದೆ, ಬೀಳಲಿ. ಇಲ್ಲಿ ಕೈ ಹಿಂಜರಿದರೆ ಎಲೆ ದಟ್ಟೈಸಿ ಗಾಳಿ ಆಡದೆ ಬೂದಿ ರೋಗ ಹಿಡಿಯುತ್ತದೆ. ಕಾಯಿ ಸಣ್ಣದಾಗಿ ಹುಳಿಯಾಗೇ ಉಳಿಯುತ್ತದೆ. ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ದ್ರಾಕ್ಷಿ ತಳಿಗೆ ಮಾತ್ರ ಈ ಲೆಕ್ಕ ಬೇಡ. ಅದರ ಬುಡದ ಕಣ್ಣುಗಳು ಬಹುಪಾಲು ಬಂಜೆ, ಕಡ್ಡಿಯನ್ನು ಉದ್ದವಾಗೇ ಬಿಡಬೇಕು.

ಸಂಜೆಗೆ ಸೇಬಿನ ಸಸಿ, ಬೇರಿಗೆ ಮಣ್ಣಿಲ್ಲದ್ದು. ಬೇರನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿದರೆ ಸಾಕು. ದಿನಗಟ್ಟಲೆ ಬಿಟ್ಟರೆ ಉಸಿರುಗಟ್ಟುತ್ತದೆ. ಗುಂಡಿಯ ಅಗಲ ಬೇರಿನ ಹರವಿನ ಎರಡು ಪಟ್ಟು ಇರಲಿ, ಆಳ ಮಾತ್ರ ಬೇರಿನಷ್ಟೇ. ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಮೊದಲ ಮಳೆಗೇ ಗಿಡ ಕುಸಿದು, ಕಸಿ ಕಟ್ಟಿದ ಜಾಗದ ಉಬ್ಬು, ಅಂದರೆ ಕಸಿಗಂಟು, ಹೂತುಹೋಗುತ್ತದೆ. ಗಂಟಿನ ಮೇಲಿನ ಭಾಗವೇ ಬೇರು ಬಿಟ್ಟರೆ ಗಿಡ್ಡ ತಳಿಯೆಂದು ತಂದದ್ದು ಮಾಳಿಗೆ ಮುಟ್ಟುವ ಮರವಾದೀತು. ಗುಂಡಿಗೆ ಅಡ್ಡಲಾಗಿ ಒಂದು ಕೋಲಿಟ್ಟು ನೋಡಿದರೆ ಗಂಟು ನೆಲಕ್ಕಿಂತ ನಾಲ್ಕು ಬೆರಳು ಮೇಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗುಂಡಿಯೊಳಗೆ ಹಸಿ ಗೊಬ್ಬರ ಬೇಡ, ಎಳೆ ಬೇರು ಸುಡುತ್ತದೆ. ಮಣ್ಣು ಮುಚ್ಚಿ, 15 ಲೀಟರ್ ನೀರನ್ನು ನಿಧಾನಕ್ಕೆ ಹೊಯ್ದರೆ ಬೇರಿನ ಸಂದಿಯ ಗಾಳಿಯೆಲ್ಲ ಗುಳುಗುಳು ಎಂದು ಹೊರಬರುತ್ತದೆ. ಮೇಲೆ 8 ಸೆಂ.ಮೀ. ತರಗೆಲೆ ಹೊದಿಕೆ, ಕಾಂಡದಿಂದ ಒಂದು ಗೇಣು ಆಚೆಗೆ.

ಸಸಿಯ ತುದಿಯಲ್ಲಿ ಆಗಲೇ ಎರಡು ಗೊಂಚಲು ಮೊಗ್ಗು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೊದಲ ವರ್ಷ ಕಾಯಿಗೆ ಬಿಟ್ಟರೆ ಬೇರಿಗೆ ಹೋಗಬೇಕಾದ ಬಲ ಕಾಯಿಗೆ ಹೋಗುತ್ತದೆ. ಸುತ್ತಲಿನ ಎಲೆಗೆ ಉಗುರು ತಾಗದಂತೆ ಮೊಗ್ಗಷ್ಟನ್ನೇ ಚಿವುಟಿದ್ದಾಯಿತು.