ಟಕ್ ಅಂದರೆ ಸಾಕಾ?

ನಾವಿಟ್ಟಷ್ಟು ಬಿಗಿ ಬಂದಾಗ ಸದ್ದು ಮಾಡುವ ಪಾನಾ ಟಾರ್ಕ್ ರೆಂಚ್. ಅದು ಟಕ್ ಅಂದರೆ ಕೆಲಸ ಮುಗಿಯಿತು ಅಂತ ನಂಬಿದ್ದವನು ನಾನು. ಒಂದೇ ಕಾರಿನಲ್ಲಿ ಎರಡು ಸಲ ಮೋಸ ಹೋದೆ.

ಮೈಸೂರಿನ ಗ್ಯಾರೇಜಿಗೆ ಸೇರಿ ಎರಡನೇ ವರ್ಷ. ಹಳೇ ಸ್ವಿಫ್ಟ್ ಒಂದು ಬಂತು. ಅಗಲದ ಅಲಾಯ್ ಚಕ್ರ ಹಾಕಿಸಿದ್ದರು. ಮುಂದಿನ ಟೈರ್ ಒಳಗಡೆ ಶಾಕ್ ಅಬ್ಸಾರ್ಬರ್‌ಗೆ ಉಜ್ಜುತ್ತಿತ್ತು. ಓನರ್ 5 ಮಿ.ಮೀ. ಸ್ಪೇಸರ್ ಕೈಗಿಟ್ಟು, "ಇದನ್ನ ಹಾಕಿಬಿಡಿ ಅಣ್ಣ" ಅಂದರು. ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆಯಂಥ ವಸ್ತು. ಚಕ್ರ ಕೂರುವ ಹಬ್‌ಗೂ ಚಕ್ರಕ್ಕೂ ನಡುವೆ ಇಟ್ಟೆ, 85 ನ್ಯೂಟನ್ ಮೀಟರ್‌ಗೆ ನಟ್ ಬಿಗಿದೆ. ಟಕ್.

ವಾರಕ್ಕೆ ವಾಪಸ್. ಕಟಕಟ ಸದ್ದು, ಸ್ಟೇರಿಂಗ್ ನಡುಕ. ಬಿಚ್ಚಿದರೆ ಒಂದು ಸ್ಟಡ್‌ನ (ಹಬ್‌ನಿಂದ ಹೊರಚಾಚಿ ನಟ್ ಹಿಡಿಯುವ ಬೋಲ್ಟ್) ತುದಿಯ ಥ್ರೆಡ್ ಕಿತ್ತು ನುಣ್ಣಗಾಗಿತ್ತು. ಇನ್ನೆರಡರ ನಟ್ ಸಡಿಲ. ಮೇಸ್ತ್ರಿ ಬೈಯಲಿಲ್ಲ. "ನಟ್ ಎಷ್ಟು ಸುತ್ತು ಹೋಯ್ತು?" ಅಂತಷ್ಟೇ ಕೇಳಿದರು. ನಾನೆಲ್ಲಿ ಎಣಿಸಿದ್ದೆ!

ಆ ಸ್ಟಡ್ 12 ಮಿ.ಮೀ. ದಪ್ಪ, ಪಿಚ್ 1.25. ಅಂದರೆ ನಟ್ ಒಂದು ಸುತ್ತಿಗೆ 1.25 ಮಿ.ಮೀ. ಮುಂದಕ್ಕೆ ಹೋಗುತ್ತದೆ. ಸ್ಪೇಸರ್ ನುಂಗಿದ್ದು ನಾಲ್ಕು ಸುತ್ತು. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದಕ್ಕೆ ನಟ್ ಹಿಡಿಯಬೇಕು, ಇಲ್ಲಿ ಸುಮಾರು ಹತ್ತು ಸುತ್ತು. ನಮ್ಮದು ಐದೂವರೆ. ಐದೂವರೆ ಸುತ್ತು ಹಿಡಿದಿದ್ದರೂ ರೆಂಚ್ ಟಕ್ ಅನ್ನುತ್ತದೆ, ಅದಕ್ಕೇನು ಗೊತ್ತು?

ಬೆಂಗಳೂರಿನ ಜೆ.ಸಿ. ರಸ್ತೆಯಿಂದ 10 ಮಿ.ಮೀ. ಉದ್ದ ಜಾಸ್ತಿ ಇರುವ ಸ್ಟಡ್ ತರಿಸಿದೆವು. ಇದರಲ್ಲಿ ಥ್ರೆಡ್ ಒಂದೇ ಹೊಂದಿದರೆ ಸಾಲದು. ಸ್ಟಡ್‌ನ ಬುಡದಲ್ಲಿ ಹಲ್ಲು ಹಲ್ಲಾಗಿರುತ್ತಲ್ಲ, ಹಬ್‌ನ ತೂತಿನಲ್ಲಿ ಕಚ್ಚಿಕೊಳ್ಳುವುದು ಆ ಭಾಗ. ಅದರ ಅಳತೆಯನ್ನು ವರ್ನಿಯರ್ ಹಿಡಿದು ಹಳೇದರ ಜೊತೆ ನೋಡಬೇಕು. ಸಣ್ಣದಿದ್ದರೆ ನಟ್ ತಿರುಗಿಸಿದಾಗ ಸ್ಟಡ್ಡೂ ಸುಮ್ನೆ ಜೊತೆಗೆ ತಿರುಗುತ್ತದೆ.

ಅದನ್ನೆಲ್ಲ ಸರಿಯಾಗಿ ನೋಡಿದೆ. ಆದರೆ ಹೊಸ ಸ್ಟಡ್‌ಗಳಿಗೆ ವಾಷರ್ ಹಾಕಿ, ನಟ್‌ನಿಂದ ಒಂದೊಂದಾಗಿ ಎಳೆದು ಕೂರಿಸುವಷ್ಟು ತಾಳ್ಮೆ ಇರಲಿಲ್ಲ. ಚಕ್ರ ಹಾಕಿ ಬಿಗಿದರೆ ತಾನಾಗೇ ಕೂರುತ್ತೆ ಅಂದುಕೊಂಡೆ. ಟಕ್.

50 ಕಿ.ಮೀ. ಓಡಿಸಿಕೊಂಡು ಮತ್ತೆ ತೋರಿಸಿ ಅಂತ ಮೇಸ್ತ್ರಿ ಹೇಳಿ ಕಳಿಸಿದ್ದೇ ಪುಣ್ಯ. ಬಂದಾಗ ರೆಂಚ್ ಹಾಕಿದರೆ ನಾಲ್ಕು ನಟ್ಟೂ ಅರ್ಧರ್ಧ ಸುತ್ತು ತಿರುಗಿದವು. ಟಾರ್ಚ್ ಹಾಕಿ ಹಬ್ ಹಿಂದೆ ನೋಡಿದರೆ ಒಂದು ಸ್ಟಡ್‌ನ ತಲೆ ಇನ್ನೂ ಪೂರ್ತಿ ಕೂತಿರಲಿಲ್ಲ. ಉಗುರು ತೂರುವಷ್ಟು ಸಂದು. ನನ್ನ ಬಿಗಿಯಲ್ಲಿ ಅರ್ಧ ಆ ಹಲ್ಲುಗಳಿಗೇ ಖರ್ಚಾಗಿತ್ತು.

ಚಕ್ರ ಮತ್ತೆ ಇಳಿಸಿದೆ. ಒಂದೊಂದೇ ಸ್ಟಡ್ ಎಳೆದೆ, ಹಿಂದೆ ಬಗ್ಗಿ ನೋಡಿದೆ, ಹಬ್ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ತೆಗೆದೆ. ಈ ಸಲ ಗಟ್ಟಿಯಾಗಿ ಎಣಿಸುತ್ತಾ ನಟ್ ಹಾಕಿದೆ. ಹದಿಮೂರು ಸುತ್ತು. ಇನ್ನೊಂದು 50 ಕಿ.ಮೀ. ಆದಮೇಲೆ ನೋಡಿದಾಗ ಒಂದೂ ಅಲುಗಲಿಲ್ಲ.

ಓನರ್ ಖುಷಿಯಾಗಿ, ಹಿಂದಿನ ಚಕ್ರಕ್ಕೂ ಹಾಕಿಬಿಡೋಣ್ವಾ ಅಂದರು. ಅಲ್ಲಿ ಟೈರ್ ಎಲ್ಲೂ ಉಜ್ಜುತ್ತಿರಲಿಲ್ಲ. ಬೇಡ ಸಾರ್ ಅಂದೆ.